ಅಕ್ಕಾರು ಬಿಡಿಸಿದ ಏಳು ಸೆಕೆಂಡು

ಅಕ್ಕಾರ ಬಲಗೈಯ ತೋರುಬೆರಳಿಗೆ ಯಾವಾಗಲೂ ನೂಲು ಸುತ್ತಿರುತ್ತಿತ್ತು. ಒಂದು ದಿನ ಕುಂಕುಮದ ಕೆಂಪು, ಮರುದಿನ ಗಿಳಿಯ ಹಸಿರು, ಇನ್ನೊಂದು ದಿನ ಎರಡೂ ಒತ್ತೊತ್ತಾಗಿ. ಕಂಪ್ಯೂಟರಿನ ಪರದೆ ತೋರಿಸುವ ಬಣ್ಣವನ್ನು ಅವರು ನಂಬುತ್ತಿರಲಿಲ್ಲ. ಸೀರೆಯ ದಡಿಗೆ ಯಾವ ಬಣ್ಣ ಹಾಕಬೇಕೆಂದು ಮನಸ್ಸಿಗೆ ಬರುತ್ತಿತ್ತೋ ಆ ನೂಲನ್ನು ಬೆರಳಿಗೆ ಸುತ್ತಿಕೊಂಡು ಅಂಗಡಿಯ ಹೊಸ್ತಿಲಿಗೆ ಬರುತ್ತಿದ್ದರು. ಬಿಸಿಲಿಗೆ ಕೈ ಚಾಚಿ, ಬೆರಳನ್ನು ಅತ್ತ ಇತ್ತ ತಿರುಗಿಸಿ, ಒಂದು ಕಣ್ಣು ಸಣ್ಣದು ಮಾಡಿ ನೋಡುತ್ತಿದ್ದರು. ಓಣಿಯಲ್ಲಿ ಹೋಗುವವರು ನಿಂತು, ಏನು ನೋಡುತ್ತಿದ್ದಾರೆ ಎಂದು ತಾವೂ ಆ ಬೆರಳನ್ನೇ ನೋಡುವುದಿತ್ತು.

ಅವರ ಅಂಗಡಿ ಬನಹಟ್ಟಿಯ ಮಗ್ಗದ ಓಣಿಯಲ್ಲಿತ್ತು. ಅಂಗಡಿಯೆಂದರೆ ರಸ್ತೆಗೆ ತೆರೆದ ಒಂದು ಕೋಣೆ, ಎರಡು ಕಂಪ್ಯೂಟರು, ಗೋಡೆಗೆ ತೂಗುಹಾಕಿದ ಸೀರೆಯ ತುಂಡುಗಳು. ಸೀರೆಯ ದಡಿಯ ಹೂವು, ಸೆರಗಿನ ನವಿಲು, ಒಡಲಿನ ಬುಟ್ಟಾ ಎಲ್ಲವನ್ನೂ ಅಲ್ಲಿ ಚೌಕ ಚೌಕವಾಗಿ ಬಿಡಿಸಿ, ಪೆನ್‌ಡ್ರೈವಿಗೆ ಹಾಕಿ ಮಗ್ಗದವರಿಗೆ ಕೊಡುವುದು ಅವರ ಕೆಲಸ. ಹಿಂದಿನ ಶೆಡ್ಡಿನಲ್ಲಿ ಅವರ ಯಜಮಾನರ ಮಗ್ಗಗಳಿದ್ದವು. ಬೆಳಗಿನಿಂದ ಸಂಜೆಯವರೆಗೆ ಅವುಗಳ ಸದ್ದು ನಮ್ಮ ಕುರ್ಚಿಯನ್ನೂ ಸಣ್ಣಗೆ ನಡುಗಿಸುತ್ತಿತ್ತು. ಅವರು ಮದುವೆಗೆ ಮೊದಲು ತೇರದಾಳದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರಂತೆ. ನಮ್ಮ ಕಡೆ ಟೀಚರನ್ನು ಕರೆಯುವಂತೆ ಆಗ ಹುಡುಗಿಯರು ಕರೆದ 'ಅಕ್ಕಾರು' ಎಂಬ ಹೆಸರೇ ಊರಿಗೆಲ್ಲ ಉಳಿದುಕೊಂಡಿತ್ತು.

ನಾನು ಲೋಕಾಪುರದ ಮಗಳು, ಪಕ್ಕದ ರಬಕವಿಯ ಸೊಸೆ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತಿದ್ದವಳು ಒಂದು ದಿನ ಧೈರ್ಯ ಮಾಡಿ ಅವರ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ನನ್ನ ಸರ್ಟಿಫಿಕೇಟು ಕೇಳಲಿಲ್ಲ. ಪರದೆಯ ಮೇಲಿದ್ದ ಒಂದು ಹೂವು ತೋರಿಸಿ, "ಇದು ಹೆಂಗೈತಿ?" ಎಂದರು.

"ಛಲೋ ಐತ್ರಿ."

"ನಿಂತ ನೋಡಿದ್ರ ಛಲೋ ಐತಿ. ಸೀರಿ ಉಟ್ಟಾಕಿ ನಿಂತಿರೂದಿಲ್ಲವಾ ತಂಗಿ, ನಡೀತಾಳ. ಹೂವ ನಡದ್ರ ಹೆಂಗ ಕಾಣತೈತಿ, ಅದನ್ನ ನೋಡಬೇಕು."

ಹಾಗೆಂದು ಅದೇ ಹೂವಿನ ತುಂಡನ್ನು ಗೋಡೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ತನಕ ನಡೆದು ಹೋಗಿ ಬಂದರು. ನಿಜ, ನಡೆಯುವಾಗ ಆ ಹೂವು ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು. ನಾನು ಅದನ್ನೇ ಹೇಳಿದೆ. "ನಾಳೆಯಿಂದ ಬಾ" ಎಂದರು.

ಕಂಪ್ಯೂಟರ್ ಚಾಲೂ ಆಗುವಾಗಿನ ಕಪ್ಪು ಪರದೆ ಅವರಿಗೆ ಆಗಿಬರುತ್ತಿರಲಿಲ್ಲ. ನಮ್ಮವು ಹಳೆಯ ಮಷಿನ್ನು. ಗುಂಡಿ ಒತ್ತಿದ ಮೇಲೆ ಕಪ್ಪಗಾಗಿ, ಬಿಳಿಯ ಇಂಗ್ಲಿಷ್ ಸಾಲುಗಳು ಸರಸರನೆ ಮೇಲೆ ಹತ್ತಿ, ಆಮೇಲೆ ಪಾಸ್‌ವರ್ಡ್ ಕೇಳುತ್ತಿದ್ದವು. ಬಂದ ಗಿರಾಕಿಗಳು ಆ ಸಾಲು ನೋಡಿ, "ಏನರ ಕೆಟ್ಟೈತೇನ್ರಿ?" ಎನ್ನುತ್ತಿದ್ದರು.

"ಇಷ್ಟ ಹೊತ್ತು ಕರೇ ಮಾರಿ ನೋಡ್ಕೋತ ಕುಂಡ್ರೂದ್ರೊಳಗ ನಮ್ಮದೊಂದು ಏನರ ತೋರಸಾಕ ಬರೂದಿಲ್ಲೇನ ತಂಗಿ?" ಎಂದು ಒಂದು ದಿನ ಕೇಳಿದರು.

ಬರುತ್ತದೆ ಎಂದೆ. ಅದೇನು ದೊಡ್ಡ ವಿದ್ಯೆಯಲ್ಲ. ಸ್ವಲ್ಪ ಸ್ವಲ್ಪವೇ ಬದಲಾಗುವ ಹತ್ತಿಪ್ಪತ್ತು ಚಿತ್ರ ಬಿಡಿಸಬೇಕು. ಅವಕ್ಕೆ ಕ್ರಮವಾಗಿ ಸಂಖ್ಯೆ ಕೊಟ್ಟು ಒಂದು ಫೋಲ್ಡರಿನಲ್ಲಿಡಬೇಕು. ಚಾಲೂ ಆಗುವಾಗ ಇವನ್ನು ಒಂದಾದ ಮೇಲೊಂದು ತೋರಿಸು ಎಂದು ಕಂಪ್ಯೂಟರಿಗೆ ನಾಲ್ಕು ಸಾಲಿನಲ್ಲಿ ಬರೆದು ಹೇಳಬೇಕು. ಬೇಗ ಬೇಗ ಬದಲಾಗುವುದರಿಂದ ಚಿತ್ರ ಚಲಿಸಿದಂತೆ ಕಾಣುತ್ತದೆ. ಇದನ್ನೆಲ್ಲ ಕೇಳಿ ಅಕ್ಕಾರ ಮುಖ ಅರಳಿತು. ಮಗ್ಗದ ಲಾಳಿ ಎಡದಿಂದ ಬಲಕ್ಕೆ ಓಡಬೇಕು, ಅದು ಓಡಿದ ಹಿಂದೆಯೇ ಕೆಂಪು ಬಟ್ಟೆ ನೆಯ್ದುಕೊಳ್ಳುತ್ತ ಹೋಗಬೇಕು ಎಂದು ಅಲ್ಲೇ ನಿರ್ಧಾರವಾಯಿತು. ಕೆಲಸ ಕಡಿಮೆ ಇದ್ದ ದಿನಗಳಲ್ಲಿ ಇಬ್ಬರೂ ಕುಳಿತು ಒಂದೊಂದೇ ಚಿತ್ರ ಮಾಡತೊಡಗಿದೆವು.

ಆ ಬೆಳಗ್ಗೆಯೂ ಅದನ್ನೇ ಮಾಡುತ್ತಿದ್ದೆವು. ಚಹಾ ಬಂದಿತ್ತು. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಅಕ್ಕಾರು ಮೌಸ್ ಹಿಡಿದಿದ್ದರು, ನಾನು ಅವರ ಬಲಕ್ಕೆ ಕುಳಿತಿದ್ದೆ. ಲಾಳಿ ಪರದೆಯ ನಡುಮಧ್ಯಕ್ಕೆ ಬಂದಿತ್ತು.

"ಇನ್ನ ಸ್ವಲ್ಪ ಬೆಲ್ಲಕ್ಕ ಸರಸೂಣು" ಎಂದರು.

"ಎಲ್ಲೆ ಅಂದ್ರಿ?"

"ಬೆಲ್ಲಕ್ಕ. ಮೊಸರ... ಮೊಸರ ಬೆಲ್ಲಕ್ಕ."

ನಾನು ಅವರ ಮುಖ ನೋಡಿದೆ. ಅಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಇಷ್ಟು ಸರಳ ಮಾತು ನಿನಗೆ ತಿಳಿಯುವುದಿಲ್ಲವೇ ಎಂಬಂತೆ ಹುಬ್ಬು ಗಂಟಿಕ್ಕಿಕೊಂಡಿತ್ತು. ಅಷ್ಟರಲ್ಲಿ ಅವರ ಬಲಗೈ ಮೌಸಿನ ಮೇಲಿಂದ ಜಾರಿ ಮೇಜಿನಂಚಿಗೆ ಬಿತ್ತು. ಅವರು ತಲೆ ಬಗ್ಗಿಸಿ ಆ ಕೈಯನ್ನು ನೋಡಿದರು. ಯಾರೋ ಬಂದು ತಮ್ಮ ಮೇಜಿನ ಮೇಲೆ ಇಟ್ಟುಹೋದ ವಸ್ತುವನ್ನು ನೋಡುವ ಹಾಗೆ ನೋಡಿದರು.

"ಅಕ್ಕಾರ, ಏನಾಗಾಕತ್ತೈತ್ರಿ? ಅಕ್ಕಾರ, ನನ್ನ ಕಡೆ ನೋಡ್ರಿ" ಎಂದು ಭುಜ ಹಿಡಿದು ಅಲುಗಿಸಿದೆ. ಅವರು ನೋಡಿದರು. ಆದರೆ ನನ್ನ ಮುಖದ ಮೇಲೆ ಅವರ ದೃಷ್ಟಿ ನಿಲ್ಲಲಿಲ್ಲ.

ಹಿಂದಿನ ಶೆಡ್ಡಿಗೆ ಓಡಿದೆ. ಯಜಮಾನರು ದೂರದ ಮಗ್ಗದ ಹತ್ತಿರ ನೂಲಿನ ಎಳೆ ಕೂಡಿಸುತ್ತಿದ್ದರು. ಎಷ್ಟು ಕೂಗಿದರೂ ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಗೋಡೆಯ ಮೇಲಿದ್ದ ಮೇನ್ ಸ್ವಿಚ್ ಹಿಡಿದು ಕೆಳಗೆ ಎಳೆದೆ. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಶೆಡ್ಡು ಹಗಲಿನಲ್ಲಿ ಅಷ್ಟು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಕೆಲಸದವರೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಬಾಯಿಂದ "ಅಕ್ಕಾರು" ಎಂಬುದೊಂದೇ ಬಂತು.

ಓಣಿಯವರು ಕೂಡಿದರು. ಪಿತ್ತ ಏರಿದೆ, ಲಿಂಬೆ ಶರಬತ್ತು ಕುಡಿಸಿ ಎಂದರು ಒಬ್ಬರು. ಸ್ವಲ್ಪ ಮಲಗಿಸಿದರೆ ಸರಿಯಾಗುತ್ತದೆ ಎಂದರು ಇನ್ನೊಬ್ಬರು. ಮಲಗಿಸಿದೆವು. ಸರಿಯಾಗಲಿಲ್ಲ. ಊರಿನ ಡಾಕ್ಟರು ನೋಡಿ ಜಮಖಂಡಿಗೆ ಕಳಿಸಿದರು, ಜಮಖಂಡಿಯಲ್ಲಿ ನೋಡಿದವರು ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕೊನೆಗೆ ತಲೆಯ ಸ್ಕ್ಯಾನ್ ಹಿಡಿದುಕೊಂಡು ಹೊರಗೆ ಬಂದ ಡಾಕ್ಟರು, "ಲಕ್ವಾ ಹೊಡದೈತಿ. ಮುಂಜಾನಿ ಲಗೂನ ತಂದಿದ್ರ ರಕ್ತದ ಗಂಟು ಕರಗಿಸೂ ಇಂಜೆಕ್ಷನ್ ಕೊಡಾಕ ಬರತಿತ್ತು. ಈಗ ವ್ಯಾಳ್ಯಾ ಮೀರೇತಿ" ಎಂದರು. ಯಜಮಾನರು ಗೋಡೆಗೆ ಒರಗಿ ನಿಂತರು. ನಮ್ಮ ಅಕ್ಕಾರಿಗೆ ಇನ್ನೂ ನಲವತ್ತೈದು ತುಂಬಿರಲಿಲ್ಲ.

ಮೂರು ನಾಲ್ಕು ತಿಂಗಳ ಮೇಲೆ ಯಜಮಾನರ ತೋಳು ಹಿಡಿದು, ಬಲಗಾಲು ಎಳೆಯುತ್ತ ಅಂಗಡಿಗೆ ಬಂದರು. ಬಲಗೈ ಸೆರಗಿನೊಳಗೆ ಮಡಚಿಕೊಂಡಿತ್ತು. ನಾನು ಕುರ್ಚಿ ಎಳೆದು ಕೊಟ್ಟು, "ಬರ್ರಿ ಅಕ್ಕಾರ, ಆರಾಮ ಅದೀರೇನ್ರಿ?" ಎಂದೆ.

"ಆತು" ಎಂದರು.

"ಚಹಾ ತರಸಲೇನ್ರಿ?"

"ಆತು."

ಅವರಲ್ಲಿ ಉಳಿದ ಮಾತು ಅದೊಂದೇ ಎಂಬುದು ನನಗೆ ತಿಳಿದದ್ದು ಆಮೇಲೆ. ಹೌದು ಎನ್ನಲೂ ಆತು, ಬೇಡ ಎನ್ನಲೂ ಆತು, ಸಿಟ್ಟಿಗೂ ಆತು, ಅಳುವಿಗೂ ಆತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೇಳಬೇಕಾದದ್ದೂ ಒಳಗೆ ಇರುತ್ತಿತ್ತು. ಅದು ಬಾಯಿಗೆ ಬರುವಷ್ಟರಲ್ಲಿ ಈ ಒಂದು ಮಾತಾಗಿ ಬೀಳುತ್ತಿತ್ತು. ತಾವೇ ಆಡಿದ ಆ ಮಾತನ್ನು ಕೇಳಿ ಅವರ ಕಣ್ಣು ಪ್ರತಿಸಲವೂ ಬೆಚ್ಚುತ್ತಿತ್ತು. ಅದನ್ನು ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಕಂಪ್ಯೂಟರಿನ ಮುಂದೆ ಕುಳಿತು ಎಡಗೈಯಿಂದ ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಸಾಲುಗಳು ಹತ್ತತೊಡಗಿದವು. ಅಕ್ಕಾರು ಕುರ್ಚಿಯ ಸಮೇತ ಹಿಂದಕ್ಕೆ ಸರಿದು, ಗುಂಡಿಯನ್ನು ಒತ್ತಿ ಹಿಡಿದು ಮಷಿನ್ನನ್ನು ಆರಿಸಿಬಿಟ್ಟರು. ಮತ್ತೆ ಹಚ್ಚಿದರೆ ಮತ್ತೆ ಅದೇ. ಆಗ ನನಗೆ ಹೊಳೆಯಿತು. ಒಂದು ಕಾಗದದ ಮೇಲೆ ದೊಡ್ಡದಾಗಿ ಅವರ ಹೆಸರು ಬರೆದು ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ತಲೆ ಅಲ್ಲಾಡಿಸಿದರು. ಓದೂ ಹೋಗಿತ್ತು. ತಮ್ಮ ಹೆಸರೇ ಅವರಿಗೆ ಗುರುತಿರಲಿಲ್ಲ.

ಮರುದಿನ ಬೇಗ ಬಂದು ಆ ಸಾಲುಗಳು ಕಾಣದಂತೆ ಮಾಡಿದೆ. ನಾವು ಅರ್ಧಕ್ಕೆ ಬಿಟ್ಟಿದ್ದ ಲಾಳಿಯ ಚಿತ್ರಗಳನ್ನೇ ಅಲ್ಲಿ ಜೋಡಿಸಿದೆ. ಅಕ್ಷರ ಕಾಣದೆ ಚಿತ್ರ ಕಂಡರೆ ಅಕ್ಕಾರು ಹೆದರಲಾರರು ಎಂದುಕೊಂಡೆ. ಅವರು ನೋಡಿದರು. ಲಾಳಿ ಎಡದಿಂದ ಹೊರಟು ನಡುಮಧ್ಯಕ್ಕೆ ಬಂದು ಅಲ್ಲಿಗೇ ಮಾಯವಾಯಿತು. ಮುಂದಿನ ಚಿತ್ರಗಳನ್ನು ನಾವು ಮಾಡಿರಲೇ ಇಲ್ಲವಲ್ಲ. ಅಕ್ಕಾರು ಎಡಗೈಯಿಂದ ಮೇಜನ್ನು ಬಡಿದು, ಚಿತ್ರವಿದ್ದ ಜಾಗವನ್ನು ತೋರಿಸಿ, ತಮ್ಮ ಎದೆಯನ್ನು ಮುಟ್ಟಿಕೊಂಡು, "ಆತು, ಆತು, ಆತು" ಎಂದರು.

"ನೀವ ಮಾಡ್ತೀರೇನ್ರಿ?"

ಹೌದೆಂದು ಜೋರಾಗಿ ತಲೆಯಾಡಿಸಿದರು.

ಅಂದಿನಿಂದ ದಿನಾ ಬಂದು ಕುಳಿತರು. ಎಡಗೈಗೆ ಮೌಸಿನ ರೂಢಿಯಿರಲಿಲ್ಲ, ಗೆರೆಗಳು ನಡುಗುತ್ತಿದ್ದವು. ಅಳಿಸುತ್ತಿದ್ದರು, ಮತ್ತೆ ಎಳೆಯುತ್ತಿದ್ದರು. ನಾನು ಸಹಾಯಕ್ಕೆ ಹೋದರೆ ಕೈ ಸರಿಸುತ್ತಿದ್ದರು. ಒಂದು ಚಿತ್ರ ಮುಗಿದರೆ ನಾನು ಅದಕ್ಕೊಂದು ಸಂಖ್ಯೆ ಹಾಕಿ ಇಡಬೇಕು, ನನ್ನ ಪಾಲಿನ ಕೆಲಸ ಅಷ್ಟೇ. ಚಿತ್ರಗಳನ್ನು ನೋಡಿದರೆ ನನಗೇನೂ ತಿಳಿಯುತ್ತಿರಲಿಲ್ಲ. ಮೊದಮೊದಲು ಒಂದು ಮೇಜು, ಒಂದು ಬಾಗಿಲು, ಒಂದು ಗ್ಲಾಸು, ಯಾರದೋ ಒಂದು ಮುಖ. ಆಮೇಲಾಮೇಲೆ ಅರೆಬರೆ ಗೆರೆ, ಸಿಕ್ಕುಸಿಕ್ಕಾದ ನೂಲು. ಕೈ ಸೋತು ಪೂರ್ತಿ ಮಾಡಲಾಗುತ್ತಿಲ್ಲ ಎಂದುಕೊಂಡು ಮರುಗುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಮೌಸ್ ಬಿಟ್ಟು ಹಿಂದಕ್ಕೆ ಒರಗಿದರು. ಮುಗಿಯಿತೆಂದು ತಿಳಿಯಿತು. ಯಜಮಾನರನ್ನು ಕರೆಸಿದರು. ನಾನು ಎಲ್ಲವನ್ನೂ ಜೋಡಿಸಿ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಮೂವರೂ ಪರದೆಯ ಮುಂದಿದ್ದೆವು.

ಕಪ್ಪಿನಲ್ಲಿ ಬಿಳಿಯ ಗೆರೆಗಳು ಮೂಡಿದವು. ನಮ್ಮ ಅಂಗಡಿಯೇ ಅದು, ಅಕ್ಕಾರು ಕುಳಿತ ಕುರ್ಚಿಯಿಂದ ಕಾಣುವ ಹಾಗೆ. ಮೇಜು, ಬಾಗಿಲು, ಚಹಾದ ಗ್ಲಾಸು. ಬಲಕ್ಕೆ ಒಂದು ಹೆಂಗಸಿನ ಮುಖ, ಹಣೆಯಲ್ಲಿ ಬೊಟ್ಟು. ನನ್ನ ಮುಖ. ನೋಡನೋಡುತ್ತ ಬಲಗಡೆಯಿಂದ ಎಲ್ಲವೂ ಇಲ್ಲವಾಗತೊಡಗಿತು. ಕತ್ತಲು ಕವಿದಂತಲ್ಲ. ಮೇಜಿನ ಗೆರೆ ನಡುವೆಯೇ ನಿಂತುಬಿಟ್ಟಿತು, ಅದರಾಚೆ ಮೇಜೇ ಇರಲಿಲ್ಲ. ಗ್ಲಾಸು ಅರ್ಧ ಉಳಿಯಿತು. ನನ್ನ ಮುಖಕ್ಕೆ ಒಂದು ಕಣ್ಣು, ಅರ್ಧ ಬಾಯಿ ಮಾತ್ರ ಉಳಿಯಿತು. ಆ ಅರ್ಧ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದರೊಳಗಿಂದ ನೂಲು ಬರುತ್ತಿತ್ತು. ಎಳೆ ಎಳೆಯಾಗಿ ಬಂದು ಗೋಜಾಗಿ ಸುತ್ತಿಕೊಂಡು ಪರದೆಯನ್ನು ತುಂಬುತ್ತಿತ್ತು. ಕೆಳಗೆ ಮೇಜಿನಂಚಿಗೆ ಒಂದು ಕೈ ಬಿದ್ದಿತ್ತು, ಅದೊಂದಕ್ಕೆ ಮಾತ್ರ ಬೇರೆ ಬಣ್ಣ. ಆಮೇಲೆ ನೂಲೂ ಹೋಯಿತು. ಏನೂ ಇಲ್ಲ. ಎಡಗಡೆಯ ಮೂಲೆಯಲ್ಲಿ ಬಾಗಿಲಿನ ಬಿಸಿಲು ಮಾತ್ರ ಒಂದು ಬಿಳಿಯ ಪಟ್ಟಿಯಾಗಿ ಉಳಿದು, ಅದು ಮೆಲ್ಲಗೆ ಅಗಲವಾಗಿ ಪರದೆಯೆಲ್ಲ ಬೆಳಗಾಯಿತು.

ಇಷ್ಟಕ್ಕೆ ಏಳು ಸೆಕೆಂಡು. ಪಾಸ್‌ವರ್ಡ್ ಕೇಳುವ ಚೌಕ ಬಂದು ನಿಂತಿತು. ನಮಗಾರಿಗೂ ಅದು ಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಎಷ್ಟು ಜನ ಡಾಕ್ಟರು ಕೇಳಿದ್ದರು, ಆವಾಗ ಏನಾಯಿತು, ಏನು ಕಂಡಿತು ಎಂದು. ಅಕ್ಕಾರು ಏನೂ ಹೇಳಲಾಗದೆ ಚಾವಣಿ ನೋಡುತ್ತಿದ್ದರು. ಆ ಬೆಳಗ್ಗೆ ನಾನು ಅವರಿಗೆ ತಾಗಿಕೊಂಡೇ ಕುಳಿತಿದ್ದೆ. ನನ್ನ ಮಾತು ಅವರಿಗೆ ಕೇಳುತ್ತಿದೆ ಎಂದೇ ತಿಳಿದು ಕೂಗಿದ್ದೆ. ನನ್ನ ಅರ್ಧ ಮುಖವಷ್ಟೇ ಅವರಿಗೆ ಕಂಡಿತ್ತು, ಮಾತೆಲ್ಲ ಗೋಜು ಗೋಜು ನೂಲಾಗಿ ತಲುಪಿತ್ತು. ಒಂದೊಂದೇ ಚಿತ್ರಕ್ಕೆ ಸಂಖ್ಯೆ ಹಾಕಿದವಳು ನಾನು. ಬಿಡಿಬಿಡಿಯಾಗಿ ನೋಡಿದಾಗ ಅದರಲ್ಲಿ ಏನೂ ಇರಲಿಲ್ಲ.

ಯಜಮಾನರು ನೆಲದ ಮೇಲೆಯೇ ಕುಳಿತುಬಿಟ್ಟಿದ್ದರು. "ಹಿಂಗ ಆಗಿತ್ತೇನ?" ಎಂದು ಹೆಂಡತಿಯನ್ನು ಕೇಳಿದರು.

"ಆತು" ಎಂದರು ಅಕ್ಕಾರು. ಆ ಸಲ ಅವರ ಕಣ್ಣು ಬೆಚ್ಚಲಿಲ್ಲ.

ಅದನ್ನು ತೆಗೆಯಲು ಅವರು ಒಪ್ಪಲಿಲ್ಲ. ದಿನಾ ಬೆಳಗ್ಗೆ ಅಂಗಡಿ ತೆರೆದು ಗುಂಡಿ ಒತ್ತಿದರೆ ಅದೇ ಏಳು ಸೆಕೆಂಡು. ಗಿರಾಕಿಗಳು ಬೇರೆ ಕಡೆ ನೋಡುತ್ತಿದ್ದರು. ಅಕ್ಕಾರು ಮಾತ್ರ, ತಾವು ಮಾಡಿದ ದಡಿಯನ್ನು ಪರೀಕ್ಷಿಸುವಂತೆ, ಒಂದು ಕಣ್ಣು ಸಣ್ಣದು ಮಾಡಿಕೊಂಡು ನೋಡುತ್ತಿದ್ದರು. ಆಮೇಲೆ ಅವರ ಎಡಗೈ ಪಳಗಿತು. ಸೀರೆಯ ಹೂವನ್ನೂ ಬಿಡಿಸತೊಡಗಿದರು. ಅಕ್ಷರ ಮಾತ್ರ ಮರಳಿ ಬರಲಿಲ್ಲ.

ಮುಂದಿನ ಚಳಿಗಾಲದಲ್ಲಿ ನಮ್ಮ ಅಪ್ಪ ಲೋಕಾಪುರದಿಂದ ನನ್ನನ್ನು ನೋಡಲು ಬಂದ. ಸೀದಾ ಅಂಗಡಿಗೇ ಬಂದು, ಅಕ್ಕಾರಿಗೆ ನಮಸ್ಕಾರ ಹೇಳಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು ಚಹಾ ಹಿಡಿದಿದ್ದ. ನಾನು ಅವಸರದ ಒಂದು ಸೆರಗು ಮುಗಿಸುತ್ತ ಅವನಿಗೆ ಬೆನ್ನು ಮಾಡಿ ಕುಳಿತಿದ್ದೆ. ಅಪ್ಪ ಬಸ್ಸಿನ ಗದ್ದಲದ ಬಗ್ಗೆ ಏನೋ ಹೇಳುತ್ತಿದ್ದವನು ಸುಮ್ಮನಾದ. ಚಹಾ ಕುಡಿಯುತ್ತಿದ್ದಾನೆ ಎಂದುಕೊಂಡೆ.

ಕುರ್ಚಿ ಕೆಡವಿದ ಸದ್ದು ಕೇಳಿ ತಿರುಗಿದೆ. ಅಕ್ಕಾರು ಎದ್ದು ಅಪ್ಪನ ಮುಂದೆ ನಿಂತಿದ್ದರು. ಅಪ್ಪನ ಬಾಯಿಯ ಒಂದು ಮೂಲೆಯಿಂದ ಚಹಾ ಸುರಿದು ಅಂಗಿ ತೊಯ್ದಿತ್ತು. ಅಕ್ಕಾರು ಅವನ ಬಲಗೈಯನ್ನು ಹಿಡಿದು ಮೇಲೆತ್ತಿ ಬಿಟ್ಟರು. ಅದು ತೊಡೆಯ ಮೇಲೆ ಬಿತ್ತು. ಇನ್ನೊಮ್ಮೆ ಎತ್ತಿ ಬಿಟ್ಟರು. ಮತ್ತೆ ಬಿತ್ತು. ನನ್ನ ಕಡೆ ತಿರುಗಿದ ಅವರ ಮುಖ ಸುಣ್ಣದಂತಾಗಿತ್ತು. ಬಾಯಿ ತೆರೆದರು, ಆ ಒಂದು ಮಾತೂ ಬರಲಿಲ್ಲ.

ನಾನು ಓಡಿಹೋಗಿ ಅಪ್ಪನನ್ನು ಹಿಡಿದುಕೊಂಡೆ. ಅವರು ನಿಲ್ಲಲಿಲ್ಲ. ಕಾಲೆಳೆಯುತ್ತ ಮೆಟ್ಟಿಲಿಳಿದು ರಸ್ತೆಯ ನಡುವೆ ಹೋಗಿ, ಎಡಗೈ ಎತ್ತಿ, ಬರುತ್ತಿದ್ದ ಒಂದು ಆಟೋದ ಎದುರಿಗೆ ನಿಂತುಬಿಟ್ಟರು. ಆಟೋದವನು ಬ್ರೇಕ್ ಒತ್ತಿ, "ಸಾಯಾಕ ನಿಂತೀರೇನ್ರಿ?" ಎಂದು ಬಯ್ದ. ಅವರು ಅವನ ತೋಳನ್ನೇ ಹಿಡಿದೆಳೆದು ಅಂಗಡಿಯೊಳಗೆ ತಂದರು. ಯಾರಿಗೂ ಶರಬತ್ತು ಕುಡಿಸಲು ಬಿಡಲಿಲ್ಲ, ಮಲಗಿಸಲು ಬಿಡಲಿಲ್ಲ. ಆಟೋದಲ್ಲಿ ಅಪ್ಪನ ಪಕ್ಕದಲ್ಲಿ ಅವರೂ ಕುಳಿತರು. ಜಮಖಂಡಿಯಿಂದ ದೊಡ್ಡ ಆಸ್ಪತ್ರೆಗೆ ಹೋಗುವ ಅಂಬ್ಯುಲೆನ್ಸಿನಲ್ಲೂ ಕುಳಿತರು. ದಾರಿಯುದ್ದಕ್ಕೂ ಅಪ್ಪನ ಮುಖದೆದುರು ತಮ್ಮ ಮುಖ ತಂದು, ಅವನ ಎಡಗಡೆಗೆ ಬಾಗಿ, ಅವನ ಕಣ್ಣಿಗೆ ಕಾಣುವ ಹಾಗೆ ಕುಳಿತಿದ್ದರು. ಏನೂ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ಮಾತು ಅವನಿಗೆ ಏನಾಗಿ ತಲುಪುತ್ತದೆ ಎಂಬುದು ನಮ್ಮಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಇಂಜೆಕ್ಷನ್ ಕೊಟ್ಟ ಮೇಲೆ ಹೊರಗೆ ಬಂದ ಡಾಕ್ಟರು, "ಛಲೋ ವ್ಯಾಳ್ಯಾಕ ತಂದೀರಿ. ಯಾರಿಗೆ ಗೊತ್ತಾತು?" ಎಂದರು. ನಾನು ಅಕ್ಕಾರನ್ನು ತೋರಿಸಿದೆ. ಅವರು ಬೆಂಚಿನ ಮೇಲೆ ಕುಳಿತಲ್ಲೇ ನಿದ್ದೆ ಹೋಗಿದ್ದರು.

ಎರಡನೆಯ ದಿನ ಅಪ್ಪ ಕೈ ಎತ್ತಿದ. ಮೂರನೆಯ ದಿನ, "ಅವ್ವಗ ಹೇಳೀಯೇನ?" ಎಂದು ಕೇಳಿದ. ಮಾತು ಸ್ವಲ್ಪ ತೊದಲಿತ್ತು, ಒಂದೊಂದು ಮಾತೂ ಸರಿಯಾಗಿತ್ತು.

ಅಕ್ಕಾರು ಆಮೇಲೆ ಒಂದು ವರ್ಷವೂ ಇರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಿದ್ದೆಯಲ್ಲೇ ಎರಡನೆಯ ಸಲ ಹೊಡೆದಿತ್ತು. ಯಜಮಾನರು ಸಂಜೆಯ ಚಹಾಕ್ಕೆ ಎಬ್ಬಿಸಲು ಹೋದಾಗ ಗೊತ್ತಾಯಿತಂತೆ. ನನಗೆ ಸುದ್ದಿ ಬಂದಾಗ ಮೊದಲು ಅರ್ಥವೇ ಆಗಲಿಲ್ಲ. ಶನಿವಾರ ಸಂಜೆ ಒಂದು ಮಾವಿನಕಾಯಿ ಬುಟ್ಟಾ ಅರ್ಧಕ್ಕೆ ಬಿಟ್ಟು, ಸೋಮವಾರ ಮಾಡುತ್ತೇನೆಂದು ಕೈಸನ್ನೆ ಮಾಡಿ ಹೋಗಿದ್ದರು. ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಬಹುದು ಎಂದು ನಾನು ನಂಬಿಕೊಂಡಿದ್ದೆ. ಮಲಗಿದವರ ಪಕ್ಕದಲ್ಲಿ ಯಾರೂ ಇರಲಿಲ್ಲ.

ದಿನಗಳು ಕಳೆದ ಮೇಲೆ ಅಂಗಡಿ ತೆರೆದೆವು. ಯಜಮಾನರು ಪರದೆಯ ಕಡೆ ನೋಡದೆ, "ಅದನ್ನ ತಗದ ಬಿಡವಾ ತಂಗಿ. ನನಗ ನೋಡಾಕ ಆಗವಲ್ದು" ಎಂದರು. ತೆಗೆದೆ. ಚಿತ್ರಗಳನ್ನು ಮಾತ್ರ ಅಳಿಸಲು ಕೈ ಬರಲಿಲ್ಲ. ಅಂಗಡಿಯನ್ನು ಈಗ ನಾನೇ ನಡೆಸುತ್ತೇನೆ.

ಅಪ್ಪ ದಿನಾ ಬೆಳಗ್ಗೆ ಫೋನ್ ಮಾಡುತ್ತಾನೆ. ಇವತ್ತೂ ಮಾಡಿದ್ದ. ಕೆಳಗಿನ ಮನೆಯವರ ಎಮ್ಮೆ ಈದಿದೆಯಂತೆ. "ಕರ ಹೆಣ್ಣ ಐತಿ. ಹಣಿ ಮ್ಯಾಲ ಬಿಳೇ ಬೊಟ್ಟ ಐತಿ ನೋಡವಾ, ರೂಪಾಯಿ ಇಟ್ಟಂಗ. ಇನ್ನ ಎದ್ದ ನಿಂದ್ರಾಕ ಬರವಲ್ದು ಅದಕ್ಕ, ಬಿದ್ದ ಬಿದ್ದ ಏಳಾಕತ್ತೈತಿ..." ಗಿರಾಕಿ ಇಬ್ಬರು ಬಂದು ನಿಂತಿದ್ದರು. ಕುಳಿತುಕೊಳ್ಳಿ ಎಂದು ಅವರಿಗೆ ಕೈ ತೋರಿಸಿ, ಆ ಕರು ಎದ್ದು ನಿಂತು ತಾಯಿಯ ಕೆಚ್ಚಲು ಹುಡುಕಿಕೊಂಡ ತನಕ ಅಪ್ಪ ಹೇಳಿದ್ದನ್ನೆಲ್ಲ ಕೇಳಿದೆ.